ಬಿಷಪ್‌ನನ್ನು ಸಾಕುವವರು ಯಾರು

ಆಂಬ್ರೋಸ್ ಟಿಲ್ಲಿ ತನ್ನ ದೋಣಿ ಶೆಡ್ಡನ್ನೂ ಅದರೊಳಗೆ ಒಣಗಲು ಬಿಟ್ಟ ಹ್ಯುವಾನ್ ಪೈನ್ ದಿಮ್ಮಿಗಳನ್ನೂ ಹೋಬಾರ್ಟಿನ ದೋಣಿ ಶಾಲೆಯೊಂದಕ್ಕೆ ಬರೆದುಕೊಡಲಿದ್ದಾನೆ ಎಂಬ ಸುದ್ದಿ ಕೆಲ್ವಿನ್‌ಗೆ ಸಿಕ್ಕಿದ್ದು ಅಂಚೆ ಕಚೇರಿಯ ಮೆಟ್ಟಿಲ ಮೇಲೆ. ಹೇಳಿದವಳು ಎನಿಡ್. ಅಂಚೆ ಹಂಚುವುದೂ ಊರಿನ ಸುದ್ದಿ ಹಂಚುವುದೂ ಅವಳಿಗೆ ಒಂದೇ ಕೆಲಸ.

“ನಿಂಗೆ ಗೊತ್ತಿರುತ್ತೆ ಅಂದ್ಕೊಂಡಿದ್ದೆ ಮಾರಾಯ. ಸ್ವಂತ ದೊಡ್ಡಪ್ಪ ಅಲ್ವಾ?” ಎಂದಳು.

ಕೆಲ್ವಿನ್ ನಕ್ಕು, ಗೊತ್ತಿತ್ತು ಎಂಬಂತೆ ತಲೆಯಾಡಿಸಿದ. ಟ್ರಕ್ಕಿನೊಳಗೆ ಕೂತು ಬಾಗಿಲು ಎಳೆದುಕೊಂಡ ಮೇಲೆ ಕೀಲಿ ತಿರುಗಿಸುವುದನ್ನೇ ಮರೆತ.

ಮೀಸೆ ಮೂಡುವ ಮೊದಲೇ ಶಾಲೆ ಬಿಟ್ಟು ಆ ಶೆಡ್ಡು ಸೇರಿದವನು ಅವನು. ಈಗ ಗಡ್ಡ ಪೂರಾ ನೆರೆತಿದೆ. ಬಾಚಿ, ಉಳಿ, ಹತ್ತರಿ ಎಲ್ಲ ಹಿಡಿದದ್ದು ಅಲ್ಲೇ. ಎಡಗೈಯ ಕಿರುಬೆರಳ ತುದಿ ಕಳೆದುಕೊಂಡದ್ದೂ ಅಲ್ಲೇ. ಆ ಕೊಲ್ಲಿಯಲ್ಲಿ ತೇಲುವ ಒಳ್ಳೆಯ ಮರದ ದೋಣಿಗಳಲ್ಲಿ ಅವನ ಕೈ ಬೀಳದ್ದು ಕಡಿಮೆ. ಆ ದಿಮ್ಮಿಗಳಂತೂ ಇನ್ನು ಹುಡುಕಿದರೂ ಸಿಗುವಂಥವಲ್ಲ. ಹ್ಯುವಾನ್ ಪೈನನ್ನು ಈಗ ಕಡಿಯುವ ಹಾಗಿಲ್ಲ. ನದಿಯ ತಳದಿಂದ ಎತ್ತಿದ್ದು, ನೆರೆ ತಂದು ದಡಕ್ಕೆ ಹಾಕಿದ್ದು, ಅಷ್ಟೇ. ಹತ್ತರಿ ಹಾಕಿ ಹೆರೆದರೆ ಇಡೀ ಶೆಡ್ಡಿಗೆ ಜೇನಿನಂಥ ವಾಸನೆ ಹರಡುವ ಮರ. ಅದು ತನ್ನದೇ ಎಂದು ಅವನು ಎಂದೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಬೇಕಾಗುತ್ತದೆ ಎಂದು ಅನಿಸಿರಲೇ ಇಲ್ಲ.

ಅಂದೇ ಹೋಗಿ ಕೇಳಿದ. ಆಂಬ್ರೋಸ್ ಸುಳ್ಳು ಹೇಳಲಿಲ್ಲ.

“ನಿನ್ನ ಕೈ ಒಳ್ಳೇದು ಕೆಲ್. ನನ್ನ ಕೈಗಿಂತ ಒಳ್ಳೇದು. ಆದ್ರೆ ನಿನಗೆ ಕಾಯೋಕೆ ಬರಲ್ಲ,” ಎಂದ ಮುದುಕ. “ಈ ಮರ ಇನ್ನೂ ಒಣಗ್ಬೇಕು. ನನ್ನನ್ನ ಮಣ್ಣು ಮಾಡಿ ಬಂದ ಮಾರನೇ ದಿನ ನೀನು ಇದನ್ನ ಕುಯ್ದು ಯಾವನೋ ಸಿಡ್ನಿಯವನಿಗೆ ಊಟದ ಮೇಜು ಮಾಡಿ ಕೊಡ್ತೀಯ. ಒಂದ್ಸಲ ಮಾಡಿದ್ಯಲ್ಲ.”

ಒಂದೇ ಒಂದು ಸಲ, ಅದೂ ಎಷ್ಟೋ ವರ್ಷಗಳ ಹಿಂದೆ. ಕೆಲ್ವಿನ್ ಹೊರಗೆ ಬಂದ. ನನಗೆ ಕಾಯಲು ಬರುತ್ತದೋ ಇಲ್ಲವೋ ನೋಡೋಣ ಎಂಬ ಯೋಚನೆ ತಲೆಗೆ ಬಂದದ್ದು ಆಗಲೇ. ಮೊದಲು ಅದು ಬರೀ ಸಿಟ್ಟಾಗಿತ್ತು. ಸೇಬಿನ ಕೊಯ್ಲು ಮುಗಿದು ತೋಟಗಳು ಬೋಳಾಗುವ ಹೊತ್ತಿಗೆ ಆ ಸಿಟ್ಟು ತಣ್ಣಗಾಗಿ ಉಪಾಯವಾಗಿತ್ತು.

ಉಪಾಯ ಸರಳವಾಗಿತ್ತು, ಸರಳವಾದದ್ದರಲ್ಲಿ ಎಡವಲು ಜಾಗ ಕಡಿಮೆ ಎಂಬುದನ್ನು ಅವನಿಗೆ ಮರದ ಕೆಲಸವೇ ಕಲಿಸಿತ್ತು. ಆಂಬ್ರೋಸ್ ಮದುವೆಯಾದವನಲ್ಲ. ರಕ್ತಸಂಬಂಧವೆಂದು ಉಳಿದವನು ಕೆಲ್ವಿನ್ ಒಬ್ಬನೇ. ಶಾಲೆಯವರು ಕಾಗದ ತರುವುದು ವಸಂತದಲ್ಲಿ. ಅಷ್ಟರೊಳಗೆ ಮುದುಕ ಸತ್ತರೆ ಎಲ್ಲವೂ ತಾನಾಗಿ ಇವನ ಕಡೆಗೆ ಉರುಳಿಬರುತ್ತದೆ. ಶೆಡ್ಡಿಗೆ ಅಂಟಿಕೊಂಡ ಎರಡು ಕೋಣೆಯಲ್ಲಿ ಮುದುಕನ ವಾಸ. ಕಿಟಕಿ ಸಂದುಗಳಿಗೆಲ್ಲ ಬಟ್ಟೆ ತುರುಕಿದ್ದಾನೆ, ಚಳಿಗಾಲದಲ್ಲಿ ಕಟ್ಟಿಗೆಯ ಒಲೆ ಹಗಲಿರುಳೂ ಉರಿಯುತ್ತದೆ. ಹೊಗೆ ಹೋಗುವ ಕೊಳವೆ ಮುಚ್ಚಿಕೊಂಡರೆ ಅಂಥ ಕೋಣೆಯಲ್ಲಿ ಮಲಗಿದವನು ಏಳುವುದಿಲ್ಲ. ಈ ದ್ವೀಪದಲ್ಲಿ ಇಂಥ ಸಾವು ಹೊಸದೇನಲ್ಲ. ಪೇಪರಿನಲ್ಲಿ ಎರಡು ಸಾಲು ಬರುತ್ತದೆ, ಜನ ತಮ್ಮ ತಮ್ಮ ಮನೆಯ ಕೊಳವೆ ನೋಡಿಕೊಂಡು ಸುಮ್ಮನಾಗುತ್ತಾರೆ.

ಆದರೆ ಸಾವು ಇದ್ದಕ್ಕಿದ್ದಂತೆ ಬರಬಾರದು. ಊರು ಅದನ್ನು ಮೊದಲೇ ನಿರೀಕ್ಷಿಸಿರಬೇಕು. ಚಳಿಗಾಲದ ಮೊದಲ ಇಬ್ಬನಿ ಬಿದ್ದ ದಿನದಿಂದಲೇ ಕೆಲ್ವಿನ್ ಆ ಕೆಲಸ ಶುರುಮಾಡಿದ. “ದೊಡ್ಡಪ್ಪನ ಒಲೆ ಯಾಕೋ ಕೋಣೇಲೇ ಹೊಗೆ ಬಿಡ್ತಿದೆ,” ಎಂದು ಪಬ್ಬಿನಲ್ಲಿ ಬಿಯರ್ ಹೀರುತ್ತ ಹೇಳಿದ. ಔಷಧಿ ಅಂಗಡಿಯಲ್ಲಿ ದೊಡ್ಡಪ್ಪನಿಗೆಂದು ತಲೆನೋವಿನ ಮಾತ್ರೆ ಕೇಳಿದ. ಬೆಳಗ್ಗೆ ಎದ್ದರೆ ತಲೆ ಸಿಡಿಯುತ್ತದಂತೆ, ವಾಕರಿಕೆಯಂತೆ ಎಂದ. ಎನಿಡ್ ಮುಂದೆ ನಿಟ್ಟುಸಿರು ಬಿಟ್ಟ.

“ಕೊಳವೆ ಬಿಚ್ಚಿ ತೊಳೀತೀನಿ ಅಂದ್ರೆ ಹತ್ತಿರ ಸೇರಿಸಲ್ಲ. ನನ್ನ ಒಲೆ ತಂಟೆಗೆ ಬರ್ಬೇಡ ಅಂತಾನೆ.”

“ನಿಮ್ಮ ಮನೆತನವೇ ಹಂಗೆ. ಒಬ್ಬರ ಮಾತು ಒಬ್ಬರು ಕೇಳಿದ್ದಿದ್ಯಾ?” ಎಂದಳು ಎನಿಡ್.

ಒಲೆ ಚೆನ್ನಾಗಿಯೇ ಉರಿಯುತ್ತಿತ್ತು. ಕೋಣೆಯಲ್ಲಿ ಹೊಗೆಯ ಸುಳಿವೂ ಇರಲಿಲ್ಲ. ಮುದುಕನಿಗೆ ತಲೆನೋವೆಂದರೆ ಏನೆಂದೇ ತಿಳಿಯದು. ಆದರೆ ಚಳಿ ಶುರುವಾದರೆ ಅವನು ಶೆಡ್ಡಿನಿಂದಾಚೆ ಬರುವುದಿಲ್ಲ, ಕಿವಿ ಮಂದವಾದ ಮೇಲೆ ಯಾರೊಂದಿಗೂ ಹರಟುವುದಿಲ್ಲ. ಅವನ ಪರವಾಗಿ ಊರಿಗೆ ಮಾತಾಡುವವನು ಕೆಲ್ವಿನ್ ಒಬ್ಬನೇ. ಚಳಿಗಾಲ ಅರ್ಧ ಕಳೆಯುವಷ್ಟರಲ್ಲಿ ಎದುರಾದವರೆಲ್ಲ, “ದೊಡ್ಡಪ್ಪನ ಒಲೆ ಸರಿಹೋಯ್ತಾ?” ಎಂದು ತಾವಾಗಿಯೇ ಕೇಳತೊಡಗಿದರು. ಪ್ರತಿ ಸಲವೂ ಕೆಲ್ವಿನ್ ಬೇಸರದಿಂದ ತಲೆ ಅಲ್ಲಾಡಿಸುತ್ತಿದ್ದ. ಆ ಬೇಸರ ಎಷ್ಟು ಚೆನ್ನಾಗಿ ಕೂತಿತ್ತೆಂದರೆ ಕೆಲವೊಮ್ಮೆ ಅವನಿಗೇ ಅದು ನಿಜವೆನಿಸುತ್ತಿತ್ತು.

ತೊಡಕು ಇದ್ದದ್ದು ಒಂದೇ. ಅದರ ಹೆಸರು ಬಿಷಪ್.

ಬಿಷಪ್ ದೊಡ್ಡ ಬಿಳಿ ಕಾಕಟೂ ಗಿಣಿ. ಸಿಟ್ಟು ಬಂದರೂ ಸಂತೋಷವಾದರೂ ತಲೆಯ ಹಳದಿ ಜುಟ್ಟು ಬಿಷಪ್ ಎನ್ನುವ ಹಿರಿಯ ಪಾದ್ರಿಯ ಎತ್ತರದ ಟೋಪಿಯಂತೆ ನೆಟ್ಟಗೆ ನಿಲ್ಲುತ್ತದೆ. ಹೆಸರು ಬಂದದ್ದು ಅದರಿಂದ. ಒಲೆಯ ಪಕ್ಕದ ಮೊಳೆಗೆ ತೂಗುಹಾಕಿದ ಕೊಂಬೆಯೇ ಅದರ ಮನೆ. ಕಿಟಕಿಯ ಚೌಕಟ್ಟು, ಕುರ್ಚಿಯ ಕಾಲು, ಮುದುಕನ ಟೋಪಿಯ ಅಂಚು ಯಾವುದನ್ನೂ ಅದು ಕೊರೆಯದೆ ಬಿಟ್ಟಿಲ್ಲ. ಅದನ್ನು ತಂದವನು ಆಂಬ್ರೋಸ್ ಅಲ್ಲ, ಕೆಲ್ವಿನ್. ಹುಡುಗನಾಗಿದ್ದಾಗ ಗಾಳಿಗೆ ಉರುಳಿದ ಗಮ್ ಮರದ ಪೊಟರೆಯಿಂದ ಪುಕ್ಕ ಮೂಡದ ಮರಿಯನ್ನು ಎತ್ತಿ, ಅಂಗಿಯೊಳಗೆ ಇಟ್ಟುಕೊಂಡು ಬಂದಿದ್ದ. ಅಮ್ಮ ಹೊಸ್ತಿಲು ದಾಟಿಸಲಿಲ್ಲ. ಆಗ ಆಂಬ್ರೋಸ್ ಶೆಡ್ಡಿನಲ್ಲಿ ಪೆಟ್ಟಿಗೆಗೆ ಮರದ ಹೊಟ್ಟು ಹಾಸಿ ಜಾಗ ಮಾಡಿಕೊಟ್ಟ, ಬೆರಳ ತುದಿಯಲ್ಲಿ ಗಂಜಿ ತಿನ್ನಿಸಿ ಬದುಕಿಸಿದ. ಆಮೇಲೆ ಕೆಲ್ವಿನ್‌ಗೆ ಫುಟ್‌ಬಾಲ್ ಬಂತು, ಬೈಕು ಬಂತು, ಮದುವೆಯಾಗಿ ರೋಂಡಾ ಬಂದಳು. ಗಿಣಿ ಮುದುಕನದಾಯಿತು.

ಈಗ ಒಂದೆರಡು ವರ್ಷದಿಂದ ಮುದುಕನಿಗೆ ಅದೇ ಚಿಂತೆ. “ನಾನು ಹೋದ್ಮೇಲೆ ಇವನನ್ನ ಸಾಕೋರು ಯಾರು ಕೆಲ್? ಇವನು ಇನ್ನೂ ಬಾಳ್ತಾನೆ. ನಿನ್ನನ್ನೂ ಕಳಿಸಿಕೊಟ್ಟೇ ಹೋಗ್ತಾನೆ ನೋಡ್ತಿರು,” ಎನ್ನುತ್ತಿದ್ದ. ನೋಡೋಣ ಎಂದು ಕೆಲ್ವಿನ್ ಜಾರಿಕೊಳ್ಳುತ್ತಿದ್ದ. ರೋಂಡಾಳ ನಿಲುವಂತೂ ಖಡಾಖಂಡಿತ.

“ಆ ಬಿಳೀ ರಾಕ್ಷಸ ಈ ಮನೆಗೆ ಬಂದ ದಿನ ನಾನು ಅಕ್ಕನ ಮನೆಗೆ. ನನ್ನ ಪರದೆಗಳನ್ನ ನೋಡಿದ್ಯಾ? ಹೊಸಾವು.”

ಉಪಾಯದ ಪ್ರಕಾರ ಬಿಷಪ್ ಅಲ್ಲೇ ಇರಬೇಕು. ಮುದುಕನೊಂದಿಗೆ ಹಕ್ಕಿಯೂ ಸತ್ತರೆ ಯಾರಿಗೂ ಏನೂ ಅನಿಸುವುದಿಲ್ಲ. ಇದು ಕೆಲ್ವಿನ್‌ಗೆ ಚೆನ್ನಾಗಿ ಗೊತ್ತಿತ್ತು. ದೊಡ್ಡಪ್ಪ ಕುರ್ಚಿಯಲ್ಲಿ ತಲೆ ವಾಲಿಸಿ ಕೂತಿರುವುದನ್ನು ಅವನು ಎಷ್ಟು ಸಲ ಬೇಕಾದರೂ ಕಣ್ಣ ಮುಂದೆ ತಂದುಕೊಳ್ಳಬಲ್ಲ. ಎದೆ ಬಡಿತ ಏರುತ್ತಿರಲಿಲ್ಲ. ಆದರೆ ಆ ಬಿಳಿ ಹಕ್ಕಿ ಕೊಂಬೆಯಿಂದ ಕೆಳಗೆ ಬಿದ್ದದ್ದು, ಜುಟ್ಟು ಮಡಚಿದ್ದು, ಬೂದು ಕಾಲುಗಳು ಮೇಲಾದದ್ದು ಕಂಡರೆ ಊಟದ ತಟ್ಟೆ ಸರಿಸಿ ಎದ್ದುಬಿಡುತ್ತಿದ್ದ. ಅಂಗಿಯೊಳಗೆ ಎದೆಗೆ ಒತ್ತಿಕೊಂಡಿದ್ದ ಆ ಬಿಸಿ ಇನ್ನೂ ನೆನಪಿತ್ತು. ಇದೇನು ಹುಚ್ಚು ಎಂದು ತನ್ನನ್ನೇ ಬೈದುಕೊಂಡ. ಬೈದುಕೊಂಡು ಪ್ರಯೋಜನವಾಗಲಿಲ್ಲ.

ಸಾಕಿಕೊಂಡರೆ ಏನು ಅಪಾಯ? ಬಡಗಿ ಮರದ ಗಂಟುಗಳನ್ನು ಸವರಿ ನೋಡುವಂತೆ ಅವನು ಎಲ್ಲವನ್ನೂ ಸವರಿ ನೋಡಿದ. ಅದೇ ದಿನ ಹಕ್ಕಿಯನ್ನು ಹೊರಗೆ ತಂದರೆ ಜನ ಯಾಕೆ ಎನ್ನಬಹುದು. ಅದಕ್ಕೂ ದಾರಿ ಇತ್ತು. ಬಿಷಪ್‌ನನ್ನು ಸಾಕಬೇಕೋ ಬೇಡವೋ ಎಂಬುದನ್ನೇ ಊರಿನ ಮಾತು ಮಾಡಿಬಿಟ್ಟ. ಮುದುಕನಿಗೆ ಕೈ ನಡುಗುತ್ತದೆ, ಅದರ ಗಲೀಜು ಬಳಿಯಲಾಗುವುದಿಲ್ಲ. ಅದನ್ನು ಕರೆದುಕೊಂಡು ಹೋಗು ಅನ್ನುತ್ತಾನೆ. ರೋಂಡಾ ಒಪ್ಪುತ್ತಿಲ್ಲ, ಏನು ಮಾಡಲಿ ಎಂದು ಕಂಡಕಂಡವರನ್ನು ಕೇಳಿದ. ಪಬ್ಬಿನಲ್ಲಿ ಎರಡು ಪಕ್ಷವೇ ಆಯಿತು. ಸಾಕಿಕೋ ಎಂದರು ಕೆಲವರು. ಬೇಡ, ಮನೆಯ ಮರವೆಲ್ಲ ತಿಂದು ತೇಗುತ್ತದೆ ಎಂದರು ಹಲವರು. ಒಂದು ಸಲ ಎನಿಡ್ ರೋಂಡಾಳನ್ನೇ ನಿಲ್ಲಿಸಿ, “ಮಕ್ಕಳಿಲ್ಲದ ಮನೆ. ಒಂದಿಷ್ಟು ಗಲಾಟೆ ಇರ್ಲಿ ಬಿಡೇ,” ಎಂದಳು. ರೋಂಡಾ ಮುಖ ಕೆಂಪು ಮಾಡಿಕೊಂಡು ಬಂದು ಆ ಸಂಜೆಯೆಲ್ಲ ಪಾತ್ರೆ ಕುಕ್ಕಿದಳು. ಆಮೇಲೆ, “ತಂದ್ರೆ ತಾ. ವರಾಂಡದಲ್ಲಿ ಮಾತ್ರ. ಒಳಗೆ ಕಾಲಿಟ್ರೆ ರೆಕ್ಕೆ ಮುರೀತೀನಿ,” ಎಂದಳು.

ಇನ್ನೊಂದು ಅಪಾಯ ಅದರ ನಾಲಿಗೆ. ಬಿಷಪ್ ಮುದುಕನ ಕೆಮ್ಮು ಕೆಮ್ಮುತ್ತಿತ್ತು, ಕೆಟಲ್‌ನಂತೆ ಸಿಳ್ಳೆ ಹೊಡೆಯುತ್ತಿತ್ತು, ಚರ್ಚಿನ ಹೆಂಗಸರು ಬಂದರೆ ಹೇಳಬಾರದ್ದನ್ನೇ ಹುಡುಕಿ ಹೇಳುತ್ತಿತ್ತು. ಆದ್ದರಿಂದ ಅದರ ಮುಂದೆ ಕೆಲ್ವಿನ್ ಒಂದು ಮಾತೂ ಗೊಣಗುವುದಿಲ್ಲವೆಂದು ನಿಯಮ ಮಾಡಿಕೊಂಡ. ಸುತ್ತಿಗೆ ಬೆರಳಿಗೆ ಬಿದ್ದರೂ ಬಾಯಿಬಿಡಲಿಲ್ಲ. ಹಕ್ಕಿ ಹೇಳುವುದಕ್ಕೆ ಏನಾದರೂ ಕೇಳಿರಬೇಕಲ್ಲ? ಅದು ಕೇಳಿದ್ದು ಏನೂ ಇಲ್ಲ. ಇಲ್ಲಿಗೆ ಎಲ್ಲ ಗಂಟುಗಳೂ ಮುಗಿದವು. ಇಷ್ಟು ನಯವಾಗಿ ಅವನು ಯಾವ ದೋಣಿಯನ್ನೂ ಕಟ್ಟಿರಲಿಲ್ಲ.

ವಾಟಲ್ ಮರಗಳು ಹಳದಿ ಹೂ ಬಿಡತೊಡಗಿದ್ದವು, ಚಳಿ ಮಾತ್ರ ಇನ್ನೂ ಬಿಟ್ಟಿರಲಿಲ್ಲ. ಶಾಲೆಯವರು ಮುಂದಿನ ವಾರ ಬರುತ್ತಾರೆ ಎಂದು ತಿಳಿದ ಮೇಲೆ ಒಂದು ಮಧ್ಯಾಹ್ನ ಕೆಲ್ವಿನ್ ದೊಡ್ಡ ಪಂಜರ ಹೊತ್ತು ಶೆಡ್ಡಿಗೆ ಹೋದ.

ಆಂಬ್ರೋಸ್ ಪಂಜರವನ್ನು ನೋಡಿದ, ಅವನನ್ನು ನೋಡಿದ.

“ನಿಜವಾಗ್ಲೂ ಸಾಕ್ತೀಯಾ? ನಾನು ಸಾಯೋವರೆಗೂ ಅಂತ ಅಲ್ಲ. ಇವನು ಸಾಯೋವರೆಗೂ.”

“ಸಾಕ್ತೀನಿ ದೊಡ್ಡಪ್ಪ.”

“ರೋಂಡಾ?”

“ಒಪ್ಪಿದಾಳೆ.”

“ಇವನು ಮೊದಲಿಗೆ ನಿನ್ನನ್ನ ಕಚ್ತಾನೆ. ಕಿರುಚ್ತಾನೆ. ತಿಂಗಳುಗಟ್ಟಲೆ ಹತ್ತಿರ ಬರಲ್ಲ. ನೀನು ಸುಮ್ನೆ ಪಕ್ಕದಲ್ಲಿ ಕೂತಿರ್ಬೇಕು, ತಾನಾಗೇ ಬರೋವರೆಗೂ. ಆಗುತ್ತಾ ನಿನ್ನಿಂದ?”

“ಆಗುತ್ತೆ.”

ಮುದುಕ ಹಕ್ಕಿಯ ಜುಟ್ಟಿನ ಬುಡದಲ್ಲಿ ಬೆರಳಾಡಿಸಿದ. ಅದು ಕಣ್ಣು ಮುಚ್ಚಿ ಕತ್ತು ಒಡ್ಡಿತು. “ಹೋಗೋ ಮಾರಾಯ. ಮೊದಲು ಇವನೇ ತಾನೇ ನಿನ್ನನ್ನ ಎತ್ಕೊಂಡು ಬಂದಿದ್ದು,” ಎಂದು ಹಕ್ಕಿಗೆ ಹೇಳಿದ. ಕೆಲ್ವಿನ್ ಕಡೆ ತಿರುಗಿ, “ನಂಗೂ ಒಂದು ಮಾತು ಸರಿಮಾಡೋದಿದೆ. ಇರ್ಲಿ, ಆಮೇಲೆ ಹೇಳ್ತೀನಿ,” ಎಂದ.

ಕೆಲ್ವಿನ್ ಏನೆಂದು ಕೇಳಲಿಲ್ಲ. ಅವನ ಕಣ್ಣು ಒಲೆಯ ಕೊಳವೆಯ ಮೇಲಿತ್ತು.

ಪಂಜರವನ್ನು ಟ್ರಕ್ಕಿನಲ್ಲಿಟ್ಟ. ಸೂರಿನ ಮೇಲೆ ಎಲೆ ಕಟ್ಟಿಕೊಂಡಿದೆ, ತೆಗೆದುಹೋಗುತ್ತೇನೆ ಎಂದು ಒಲೆ ಆರಿಸಿ, ಏಣಿ ಹಾಕಿದ. ಶೆಡ್ಡಿನ ಅಟ್ಟದಿಂದ ಮೊದಲೇ ತೆಗೆದಿಟ್ಟಿದ್ದ ಹಳೆಯ ಸ್ಟಾರ್ಲಿಂಗ್ ಹಕ್ಕಿಯ ಗೂಡು, ಮಸಿ ಹತ್ತಿಸಿದ್ದು, ಚೀಲದಲ್ಲಿತ್ತು. ಮುದುಕ ಕೆಳಗೆ ಏಣಿಯ ಕಾಲು ಹಿಡಿದು ನಿಂತು, “ಹುಷಾರು, ಜಾರುತ್ತೆ,” ಎನ್ನುತ್ತಲೇ ಇದ್ದ. ಇಳಿದ ಮೇಲೆ ಇಬ್ಬರೂ ಚಹಾ ಕುಡಿದರು. ಸಂಜೆಗೆಂದು ಕೆಲ್ವಿನ್ ಕಟ್ಟಿಗೆ ಜೋಡಿಸಿಕೊಟ್ಟ. ಕಿಟಕಿಯ ಬಟ್ಟೆಗಳನ್ನು ಬೆರಳಿನಿಂದ ಒತ್ತಿ ನೋಡಿದ. ಕತ್ತಲಾಗುವ ಮೊದಲೇ ಹೊರಟ. ದಾರಿಯುದ್ದಕ್ಕೂ ಬಿಷಪ್ ಕಿರುಚುತ್ತಲೇ ಇತ್ತು. ಕೊಲ್ಲಿಯ ತಿರುವಿನಲ್ಲಿ ಒಮ್ಮೆ ಟ್ರಕ್ಕು ನಿಲ್ಲಿಸಿ ಕಿವಿ ಮುಚ್ಚಿಕೊಂಡು ಕೂತ. ಹಿಂದಕ್ಕೆ ತಿರುಗಿಸಲು ಅಲ್ಲಿ ಜಾಗವಿತ್ತು. ಅವನು ತಿರುಗಿಸಲಿಲ್ಲ.

ಮರುದಿನ ಬೆಳಗ್ಗೆ ಅಂಚೆಯ ಎನಿಡ್ ಶೆಡ್ಡಿನ ಕಡೆ ಹೊರಟ ಹೊತ್ತಿಗೆ ಸರಿಯಾಗಿ ಕೆಲ್ವಿನ್ ಕೂಡ ಅಲ್ಲಿದ್ದ. ಬಾಗಿಲು ತೆಗೆದವಳು ಅವಳು. ಕಿರುಚಿದವಳೂ ಅವಳೇ.

ಮುಂದಿನದೆಲ್ಲ ಅವನು ಬರೆದಿಟ್ಟ ನಕ್ಷೆಯಂತೆ ನಡೆಯಿತು. ಪೊಲೀಸ್ ಸಾರ್ಜೆಂಟ್ ಪೈಕ್ ಸೂರು ಹತ್ತಿದರು, ಕೊಳವೆಯೊಳಗಿಂದ ಗೂಡನ್ನು ಹೊರತೆಗೆದರು, ತಲೆ ಅಲ್ಲಾಡಿಸಿದರು. “ಚಳಿಗಾಲವೆಲ್ಲಾ ಹೊಗೆ ಕುಡಿದಿದ್ದಾರೆ ಪಾಪ. ನೀವು ಎಷ್ಟು ಸಲ ಹೇಳಿದ್ರಿ ಅಂತ ಊರೇ ಹೇಳ್ತಿದೆ. ನಿಮ್ಮನ್ನ ನೀವು ಹಳಿದುಕೊಳ್ಬೇಡಿ,” ಎಂದು ಭುಜ ತಟ್ಟಿದರು. ಕೆಲ್ವಿನ್ ಹೇಳಿಕೆ ಕೊಟ್ಟ: ಹೊಗೆ, ತಲೆನೋವು, ವಾಕರಿಕೆ, ಮುದುಕನ ಹಟ. ಔಷಧಿ ಅಂಗಡಿಯವನು ಹೌದೆಂದ. ಪಬ್ಬಿನವರು ಹೌದೆಂದರು. ಪುಣ್ಯಕ್ಕೆ ಆ ಹಕ್ಕಿಯಾದರೂ ಉಳಿಯಿತಲ್ಲ ಎಂದು ಎನಿಡ್ ಕಣ್ಣೊರೆಸಿಕೊಂಡಳು.

ಮಣ್ಣು ಮಾಡಿದ ಮೇಲೆ ಚರ್ಚಿನ ಹಿಂದಿನ ಕೋಣೆಯಲ್ಲಿ ಸ್ಯಾಂಡ್‌ವಿಚ್ಚು, ಚಹಾ. ಉದ್ದನೆಯ ಕೋಟಿನ ಒಬ್ಬ ಮನುಷ್ಯ ಬಂದು ಕೆಲ್ವಿನ್‌ನ ಕೈ ಕುಲುಕಿದ. ದೋಣಿ ಶಾಲೆಯವನು.

“ಆ ದಿನ ಸಂಜೆಯೇ ನಮಗೆ ಫೋನ್ ಮಾಡಿದ್ರು. ಅದೇ ಅವರ ಕೊನೇ ಮಾತು ಇರ್ಬೇಕು,” ಎಂದ. “ಕಾಗದ ತರ್ಬೇಡಿ, ನನ್ನ ಮನಸ್ಸು ಬದಲಾಗಿದೆ ಅಂದ್ರು. ನನ್ನ ತಮ್ಮನ ಮಗ ಇವತ್ತು ಗಿಣಿಯನ್ನ ಸಾಕೋಕೆ ತಗೊಂಡುಹೋದ, ಅದನ್ನ ಸಾಕೋನಿಗೆ ಮರ ಕಾಯೋದೇನು ದೊಡ್ಡದಲ್ಲ, ಎಲ್ಲಾ ಅವನಿಗೇ ಅಂದ್ರು. ನಮಗೆ ನಷ್ಟವೇ ಬಿಡಿ. ಆದ್ರೂ ಅಷ್ಟು ಖುಷಿಯಾಗಿ ಅವರು ಮಾತಾಡಿದ್ದನ್ನ ನಾನು ಕೇಳಿರ್ಲಿಲ್ಲ.”

ಕೆಲ್ವಿನ್ ಕೈಯಲ್ಲಿದ್ದ ಬಟ್ಟಲನ್ನು ಮೇಜಿನ ಮೇಲೆ ಇಟ್ಟ. ಅದು ಅಂಚಿಗೆ ತಾಗಿ ಉರುಳಿ ಒಡೆಯಿತು. ಯಾರೋ ಅವನನ್ನು ಕುರ್ಚಿಯಲ್ಲಿ ಕೂರಿಸಿದರು. ದುಃಖ ಎಂದು ಎಲ್ಲರೂ ತಿಳಿದರು.

ಆಮೇಲಿನ ದಿನಗಳು ಅವನಿಗೆ ಕಲಸಿಹೋದವು. ನಿದ್ದೆ ಹತ್ತಿರ ಸುಳಿಯುತ್ತಿರಲಿಲ್ಲ. ಸುಮ್ಮನಿದ್ದಿದ್ದರೆ ಸಾಕಿತ್ತು ಎಂಬ ಒಂದೇ ಯೋಚನೆ ತಲೆಯೊಳಗೆ ಗರಗಸದಂತೆ ಹಿಂದೆ ಮುಂದೆ ಆಡುತ್ತಿತ್ತು. ಗಿಣಿ ತಂದದ್ದಷ್ಟೇ ಸಾಕಿತ್ತು. ಅದರ ಜೊತೆಗೇ ಇನ್ನೊಂದು ಲೆಕ್ಕಾಚಾರವೂ ತಣ್ಣಗೆ ತಲೆಯೆತ್ತಿತು, ಅದಕ್ಕೆ ಅವನಿಗೇ ನಾಚಿಕೆಯಾಯಿತು: ಆಸ್ತಿ ತನಗೇ ಎಂದು ಮುದುಕನೇ ಹೇಳಿರುವಾಗ ಕೊಲ್ಲುವ ಕಾರಣ ಯಾರಿಗೆ ಕಂಡೀತು? ಮೊದಲಿಗಿಂತ ಭದ್ರವಾಗಿದ್ದೇನೆ.

ಬಿಷಪ್ ಮಾತಾಡಲಿಲ್ಲ. ವರಾಂಡದ ಮೂಲೆಯಲ್ಲಿ ಬೆನ್ನು ಹಾಕಿ ಕೂತು ಎದೆಯ ಪುಕ್ಕಗಳನ್ನು ಒಂದೊಂದಾಗಿ ಕಿತ್ತುಕೊಳ್ಳುತ್ತಿತ್ತು. ಕೆಲ್ವಿನ್ ಸಂಜೆಗಳಲ್ಲಿ ಅದರ ಪಕ್ಕ ಕೂರುತ್ತಿದ್ದ, ಮುದುಕ ಹೇಳಿದಂತೆ ಸುಮ್ಮನೆ. ಅದು ತಿರುಗಿ ನೋಡುತ್ತಿರಲಿಲ್ಲ. ರೋಂಡಾಳ ಮನಸ್ಸು ಕರಗಿದ್ದು ಆ ಬೋಳು ಎದೆ ಕಂಡು. ಮೊದಲು ಒಂದು ಬಾದಾಮಿ, ಆಮೇಲೆ ಟೋಸ್ಟಿನ ಅಂಚು, ಒಂದು ದಿನ ಮಳೆ ಜೋರಾಯಿತೆಂದು ಅಡುಗೆಮನೆಯ ಒಳಗೇ ಜಾಗ. ಹೊಸ ಪರದೆ ಕೊರೆದದ್ದನ್ನು ನೋಡಿ ಬೈಯುತ್ತ ಬೈಯುತ್ತಲೇ ನಕ್ಕಳು. ಮಧ್ಯಾಹ್ನಗಳಲ್ಲಿ ಅವಳು ಅದರೊಂದಿಗೆ ಮಾತಾಡುವುದು ಕೇಳಿಸುತ್ತಿತ್ತು. ಕೆಲ್ವಿನ್‌ನೊಂದಿಗೆ ಅವಳು ಅಷ್ಟು ಮಾತಾಡಿ ವರ್ಷಗಳೇ ಆಗಿದ್ದವು.

ಕೊನೆಗೆ ಅವಳೇ ಹಟ ಹಿಡಿದು ಬಿಷಪ್‌ನನ್ನು ಹೋಬಾರ್ಟಿನ ಹಕ್ಕಿ ಡಾಕ್ಟರ ಬಳಿ ಒಯ್ದಳು. ಅವಳು ವಾಪಸು ಬಂದಾಗ ಕೆಲ್ವಿನ್ ಶೆಡ್ಡಿನಲ್ಲಿದ್ದ. ದಿಮ್ಮಿಗಳನ್ನು ಅವನು ಮುಟ್ಟಿರಲಿಲ್ಲ. ಗಾಳಿಯಾಡಲೆಂದು ನಡುವೆ ಪಟ್ಟಿ ಸರಿಸಿ ಜೋಡಿಸುತ್ತಿದ್ದ, ಎಷ್ಟು ವರ್ಷವಾದರೂ ಒಣಗಲಿ ಎಂದುಕೊಂಡು. ರೋಂಡಾ ಪಂಜರ ಹಿಡಿದು ನಗುತ್ತ ಒಳಗೆ ಬಂದಳು.

“ಏನೂ ಇಲ್ವಂತೆ ಕೆಲ್! ದುಃಖಕ್ಕೆ ಪುಕ್ಕ ಕಿತ್ಕೊಳ್ತಿದಾನೆ, ಅಷ್ಟೇ. ಫೋಟೋ ತೆಗೆದು ನೋಡಿದ್ರು, ಎದೆ ಒಳಗೆ ಕನ್ನಡಿ ಹಂಗೆ ಸ್ವಚ್ಛ.”

“ಒಳ್ಳೇದಾಯ್ತು,” ಎಂದ ಕೆಲ್ವಿನ್. ನಿಜಕ್ಕೂ ಅವನಿಗೆ ಹಗುರವೆನಿಸಿತು. ಪಂಜರದ ಸಂದಿನಲ್ಲಿ ಬೆರಳು ತೂರಿಸಿದ. ಬಿಷಪ್ ಕಚ್ಚಲಿಲ್ಲ; ಮೊದಲ ಸಲ ಕತ್ತು ಬಗ್ಗಿಸಿ, ಕಣ್ಣು ಮುಚ್ಚಿ, ಜುಟ್ಟಿನ ಬುಡವನ್ನು ಅವನ ಬೆರಳಿಗೆ ಒಡ್ಡಿತು.

“ಆದ್ರೆ ಆ ಡಾಕ್ಟ್ರಮ್ಮ ನನ್ನ ಮಾತನ್ನ ನಂಬ್ಲೇ ಇಲ್ಲ ನೋಡು,” ರೋಂಡಾ ಕೋಟು ಬಿಚ್ಚುತ್ತ ಹೇಳಿದಳು. “ಚಳಿಗಾಲವೆಲ್ಲಾ ಹೊಗೆ ಬಿಡೋ ಒಲೆ ಪಕ್ಕದಲ್ಲೇ ಇದ್ದ, ದೊಡ್ಡಪ್ಪ ಸತ್ತ ದಿನ ಮಧ್ಯಾಹ್ನವೇ ನಮ್ಮ ಮನೆಗೆ ಬಂದಿದ್ದು ಅಂದೆ. ಸಾಧ್ಯವೇ ಇಲ್ಲ ಅಂದ್ರು. ಹಕ್ಕಿಗಳ ಎದೆ ನಮ್ಮ ಹಂಗಲ್ವಂತೆ. ಅದಕ್ಕೇ ಹಿಂದೆ ಕಲ್ಲಿದ್ದಲು ಗಣಿಯೊಳಗೆ ಹಕ್ಕಿ ತಗೊಂಡು ಹೋಗ್ತಿದ್ರಂತೆ, ಕೆಟ್ಟ ಗಾಳಿ ಬಂದ್ರೆ ಮನುಷ್ಯನಿಗೆ ತಲೆ ನೋಯೋಕೂ ಮೊದ್ಲು ಹಕ್ಕಿ ಸತ್ತು ಬೀಳುತ್ತಂತೆ. ದೊಡ್ಡಪ್ಪನಿಗೆ ಒಂದೇ ಒಂದು ದಿನ ಆ ಒಲೆಯಿಂದ ತಲೆನೋವು ಬಂದಿದ್ರೂ ಇವನು ಇವತ್ತು ಇರ್ತಿರ್ಲಿಲ್ಲ ಅಂದ್ರು. ದಾರೀಲಿ ಪೆಟ್ರೋಲ್ ಹಾಕಿಸುವಾಗ ಸಾರ್ಜೆಂಟ್ ಪೈಕ್ ಸಿಕ್ರು, ಎಂಥಾ ವಿಚಿತ್ರ ನೋಡಿ ಅಂತ ಅವರಿಗೂ ಹೇಳ್ದೆ. ಅವರು ನಗ್ಲಿಲ್ಲ. ಇನ್ನೊಂದು ಸಲ ಹೇಳಿ ಅಂದ್ರು, ಹೇಳ್ದೆ. ನಿನ್ನ ಹತ್ರ ಏನೋ ಕೇಳ್ಬೇಕಂತೆ, ನನ್ನ ಕಾರಿನ ಹಿಂದೇನೇ ಬಂದ್ರು. ಹೊರಗೆ ನಿಂತಿದಾರೆ, ಕರೀಲಾ?”